ಭುಜದ ಸ್ಕ್ಯಾನ್‌ನಲ್ಲಿ ಕಂಡ ಸಂದಿಯೆಲ್ಲ ಹರಿದದ್ದಲ್ಲ

‘ಹರಿದುಹೋಗಿದೆಯಂತೆ ಡಾಕ್ಟ್ರೇ, ಆಪರೇಷನ್ ಮಾಡಿಸ್ಲೇಬೇಕಾ?’

ಹಾಸನದಲ್ಲಿ ಸ್ಕ್ಯಾನ್ ಓದುವ ಡಾಕ್ಟರ್ ನಾನು. ನನ್ನ ಬಳಿ ಭುಜದ ಎಂಆರ್‌ಐ ರಿಪೋರ್ಟ್ ತರುವವರ ಮೊದಲ ಮಾತೇ ಇದು. ಕೈಯಲ್ಲಿ ಒಂದೇ ಹಾಳೆ. ಫಿಲ್ಮ್ ಇಲ್ಲ, ಸಿಡಿ ಇಲ್ಲ. ‘ಟೇರ್’, ಅಂದರೆ ಹರಿದಿದೆ, ಎಂಬ ಪದಕ್ಕೆ ಪೆನ್ನಿನಲ್ಲಿ ಗೆರೆ ಎಳೆದಿರುತ್ತಾರೆ. ಪಕ್ಕದಲ್ಲೇ ‘ಇರಬಹುದು’ ಎಂದೂ ಬರೆದಿರುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಬೇಸರವಾಗುವುದು ಅಲ್ಲೇ.

ತೋಳಿನ ಮೂಳೆ ಕೂರುವ ಭುಜದ ಗುಂಡಿಯ ಸುತ್ತ ಲೇಬ್ರಮ್ ಎಂಬ ಮೆತ್ತನೆಯ ಅಂಚಿದೆ. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ನೆನಪಿಸಿಕೊಳ್ಳಿ. ಆದರೆ ಗ್ಯಾಸ್ಕೆಟ್‌ಗಳೆಲ್ಲ ಒಂದೇ ಅಚ್ಚಿನವು, ಲೇಬ್ರಮ್ ಹಾಗಲ್ಲ. ಗುಂಡಿಯನ್ನು ಗಡಿಯಾರ ಎಂದುಕೊಳ್ಳಿ. ಮೇಲೆ 12, ಎದೆಯ ಕಡೆ 3, ಕೆಳಗೆ 6. ನೂರರಲ್ಲಿ ಸುಮಾರು ಹತ್ತು ಜನರಿಗೆ 1ರಿಂದ 3ರ ನಡುವೆ ಈ ಅಂಚು ಮೂಳೆಗೆ ಅಂಟಿರುವುದೇ ಇಲ್ಲ. ಹುಟ್ಟಿನಿಂದಲೇ ಹಾಗೆ. ಇನ್ನು ಕೆಲವರಿಗೆ ಆ ಜಾಗದಲ್ಲಿ ಅಂಚೇ ಇಲ್ಲ. ಬದಲಿಗೆ ಕೀಲಿನ ಚೀಲದ ನಡುವಿನ ಕಟ್ಟು (ಲಿಗಮೆಂಟ್) ಹಗ್ಗದಂತೆ ದಪ್ಪಗಿರುತ್ತದೆ. ಇದಕ್ಕೆ ಬ್ಯುಫೋರ್ಡ್ ಕಾಂಪ್ಲೆಕ್ಸ್ ಎನ್ನುತ್ತೇವೆ. 1994ರಲ್ಲಿ ಇದನ್ನು ವರದಿ ಮಾಡಿದವರು 200 ಭುಜಗಳ ಆರ್ತ್ರೋಸ್ಕೋಪಿ ವಿಡಿಯೊ, ಅಂದರೆ ಕೀಲಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ತೆಗೆದದ್ದು, ನೋಡಿದ್ದರು. ಮೂರು ಭುಜಗಳಲ್ಲಿ ಸಿಕ್ಕಿತು.

ಒಂದೇ ಚಿತ್ರ ನೋಡಿದರೆ ಇದು ಥೇಟ್ ಹರಿದ ಹಾಗೆಯೇ ಕಾಣುತ್ತದೆ. ಅದಕ್ಕೇ ನಾವು ಒಂದೊಂದೇ ಪದರ ಹಿಂಬಾಲಿಸುತ್ತೇವೆ. ಅಂಚು ನಯವಾಗಿದೆಯಾ, ಪರಚಿದಂತಿದೆಯಾ? ಆ ‘ತುಂಡು’ ಕೆಳಗಿಳಿದು ಚೀಲಕ್ಕೆ ಸೇರುತ್ತಾ? ಸೇರಿದರೆ ಅದು ತುಂಡಲ್ಲ, ಕಟ್ಟು. ಆಗಲೂ ಅನುಮಾನ ಉಳಿದರೆ ಚಿತ್ರ ಸ್ಪಷ್ಟವಾಗಲೆಂದು ಕೀಲಿನೊಳಗೆ ಔಷಧ ತುಂಬಿ ಮತ್ತೆ ಸ್ಕ್ಯಾನ್ ಮಾಡಬೇಕಾಗಬಹುದು.

ಆಲ್ದೂರು ಕಡೆಯ ಒಬ್ಬರು ಬಂದಿದ್ದರು. ಏಣಿ ಹತ್ತಿ ಮೆಣಸು ಕೊಯ್ಯುವ ಕೆಲಸ. ಬೇರೆ ಊರಿನ ರಿಪೋರ್ಟ್‌ನಲ್ಲಿ ಟೇರ್ ಎಂದಿತ್ತು. ಆಪರೇಷನ್‌ಗೆಂದು ಸಾಲಕ್ಕೂ ಓಡಾಡಿದ್ದರು. ಬಿದ್ದಿದ್ದೀರಾ, ತೋಳು ಕಳಚಿತ್ತಾ ಎಂದು ಕೇಳಿದೆ. ಎರಡೂ ಇಲ್ಲ. ಸಿಡಿ ತರಿಸಿ ನೋಡಿದರೆ ದಪ್ಪನೆಯ ಹಗ್ಗ, ನಯವಾದ ಅಂಚು. ನೋವಿನ ಕಾರಣ ಬೇರೆಯೇ ಇತ್ತು. ಕಂಕುಳ ಬಳಿ ಕೀಲಿನ ಚೀಲ ದಪ್ಪವಾಗಿತ್ತು, ತೋಳು ಹೊರಕ್ಕೆ ತಿರುಗುತ್ತಿರಲಿಲ್ಲ. ಭುಜ ಬಿಗಿದುಕೊಂಡಿತ್ತು, ಫ್ರೋಜನ್ ಶೋಲ್ಡರ್. ಶುಗರ್ ಇದ್ದವರಲ್ಲಿ ಇದು ಹೆಚ್ಚು. ರಕ್ತ ಪರೀಕ್ಷೆಯಲ್ಲಿ ಅವರಿಗೂ ಶುಗರ್ ಜಾಸ್ತಿ ಬಂತು. ಅವರಿಗೆ ಬೇಕಿದ್ದದ್ದು ಶುಗರ್ ಮಾತ್ರೆ, ವ್ಯಾಯಾಮ, ತಿಂಗಳುಗಟ್ಟಲೆ ತಾಳ್ಮೆ. ಆ ಹಗ್ಗವನ್ನು ಹರಿದ ತುಂಡೆಂದು ಮೂಳೆಗೆ ಹೊಲಿದಿದ್ದರೆ? ತೋಳು ಇನ್ನೂ ಬಿಗಿಯುತ್ತಿತ್ತು. ಅಂಥ ಕೈಯಲ್ಲಿ ಏಣಿ ಹತ್ತುವುದು ಹೇಗೆ? ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹಾಗಂತ ಇದನ್ನು ಓದಿ ಯಾರೂ ಆಪರೇಷನ್ ರದ್ದು ಮಾಡಬೇಡಿ. ಗಡಿಯಾರದ 3ರಿಂದ ಕೆಳಗೆ ಅಂಚು ಬಿಟ್ಟಿದ್ದರೆ ಅದನ್ನು ಹುಟ್ಟಿನಿಂದ ಬಂದದ್ದು ಎಂದು ಸುಮ್ನೆ ಬಿಡುವ ಹಾಗಿಲ್ಲ. ತೋಳು ಕಳಚಿದವರಲ್ಲಿ ಹರಿಯುವುದು ಹೆಚ್ಚಾಗಿ ಅಲ್ಲೇ. ಬ್ಯುಫೋರ್ಡ್ ಇದ್ದವರಿಗೂ ಬೇರೆ ಕಡೆ ನಿಜವಾಗಿ ಹರಿದಿರಬಹುದು. ತೀರ್ಮಾನ ನಿಮ್ಮನ್ನು ಮುಟ್ಟಿ, ತೋಳು ಎತ್ತಿಸಿ ನೋಡಿದ ಮೂಳೆ ಡಾಕ್ಟರದ್ದೇ.

ನಮ್ಮ ಹತ್ತಿರ ಬರುವಾಗ ಹಾಳೆಯ ಜೊತೆ ಸಿಡಿಯನ್ನೂ ತನ್ನಿ. ನೋವು ಯಾವಾಗ ಶುರುವಾಯಿತು, ಬಿದ್ದಿದ್ದೀರಾ, ಶುಗರ್ ಇದೆಯಾ, ಎಲ್ಲ ಹೇಳಿ. ಕೇಳದಿದ್ದರೂ ಹೇಳಿ.