ಹಳೇ ಖಾನೇಸುಮಾರಿಯ ವಯಸ್ಸು ನಂಬಬಹುದಾ?

ಪ್ರಶ್ನೆ: ಬ್ರಿಟಿಷರ ಕಾಲದ ಖಾನೇಸುಮಾರಿಯಲ್ಲಿ, ಅಂದರೆ ಜನಗಣತಿಯಲ್ಲಿ, ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಜನರ ವಯಸ್ಸು, ಗಂಡು-ಹೆಣ್ಣಿನ ಲೆಕ್ಕ ಎಲ್ಲ ಇದೆ. ಹುಟ್ಟಿದ ತಾರೀಕೇ ಗೊತ್ತಿಲ್ಲದ ಕಾಲ ಅದು. ಆ ಲೆಕ್ಕ ನಂಬಬಹುದಾ?

ಒಬ್ಬೊಬ್ಬರ ವಯಸ್ಸನ್ನು ನಂಬಬೇಡಿ. ಇಡೀ ಜಿಲ್ಲೆಯ ಲೆಕ್ಕದಲ್ಲಿ ಮಾತ್ರ ಸತ್ಯ ಇದೆ, ಓದೋಕೆ ಸ್ವಲ್ಪ ಗೊತ್ತಿರಬೇಕು ಅಷ್ಟೇ.

ನಮ್ಮಪ್ಪನ ಹುಟ್ಟುಹಬ್ಬ ಜೂನ್ 1. ದೊಡ್ಡಪ್ಪನದ್ದೂ ಜೂನ್ 1, ಚಿಕ್ಕಪ್ಪನದ್ದೂ ಅದೇ. ಅಜ್ಜಿ ಅಷ್ಟು ಶಿಸ್ತಿನಿಂದ ಹೆತ್ತಳು ಅಂತಲ್ಲ. ಸಾಲಿಗೆ ಹೆಸರು ಹಚ್ಚುವಾಗ ಹುಡುಗ ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಮಾಸ್ತರರು ಆರು ವರ್ಷ ಅಂತ ಬರೆದುಕೊಳ್ಳುತ್ತಿದ್ದರು, ತಾರೀಕಿಗೆ ಜೂನ್ 1 ಹಾಕುತ್ತಿದ್ದರು. ನಿಮ್ಮ ಮನೆಯಲ್ಲೂ ಇಂಥವರು ಇದ್ದೇ ಇರುತ್ತಾರೆ, ಅಲ್ವಾ?

ಖಾನೇಸುಮಾರಿಯಲ್ಲಿ ಆಗಿದ್ದೂ ಇದೇ. ವಯಸ್ಸು ಎಷ್ಟು ಅಂತ ಕೇಳಿದರೆ ಜನ "ಹಾಕ್ರಿ ಒಂದು ನಲವತ್ತು" ಅನ್ನೋರು. 39 ಅಂತ ಯಾರು ಹೇಳುತ್ತಾರೆ, 41 ಅಂತ ಯಾರು ಹೇಳುತ್ತಾರೆ? ಹಾಗಾಗಿ ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸಿಗೆ ಜನ ರಾಶಿ ಬಿದ್ದರು. ಇದನ್ನು ಅಳೆಯೋಕೆ ವಿಪಲ್ ಸೂಚ್ಯಂಕ ಅಂತ ಒಂದಿದೆ: ಎಲ್ಲರೂ ಸರಿಯಾಗಿ ಹೇಳಿದ್ದರೆ 100 ಬರುತ್ತದೆ, ಎಲ್ಲರೂ ಸೊನ್ನೆ-ಐದನ್ನೇ ಹೇಳಿದ್ದರೆ 500. ಇನ್ನು ಮದುವೆ ಆಗದ ಹುಡುಗಿಯರ ಕಥೆ ಬೇರೆ. ಹತ್ತು ಹನ್ನೆರಡು ದಾಟಿದ ಮಗಳು ಮನೆಯಲ್ಲೇ ಇದ್ದಾಳೆ ಅಂತ ಹೇಳೋಕೆ ಹಿಂಜರಿದು ಕೆಲವರು ವಯಸ್ಸು ಇಳಿಸಿ ಹೇಳಿದರು, ಕೆಲವರು ಲೆಕ್ಕಕ್ಕೇ ಕೊಡಲಿಲ್ಲ.

ಇಷ್ಟು ಸುಳ್ಳಿದ್ದರೂ ಒಂದು ವಿಷಯ ಮುಚ್ಚಿಹೋಗಲಿಲ್ಲ. ಅದು ಬರ.

ಆಗ ಈ ಸೀಮೆಯ ಹೆಚ್ಚಿನ ಭಾಗ ಒಂದೇ ಜಿಲ್ಲೆ, ಹೆಸರು ಕಲಾದಗಿ. ಈಗ ಚಿಕ್ಕು, ದಾಳಿಂಬೆಗೆ ಹೆಸರಾದ ಅದೇ ಕಲಾದಗಿ ಆಗ ಜಿಲ್ಲಾ ಕೇಂದ್ರ, ಬಿಜಾಪುರಕ್ಕೆ ಆ ಪಟ್ಟ ಸಿಕ್ಕಿದ್ದು 1880ರ ದಶಕದಲ್ಲಿ. 1872ರಲ್ಲಿ ಜಿಲ್ಲೆಯ ಜನ ಸುಮಾರು 8.16 ಲಕ್ಷ. 1881ರಲ್ಲಿ ಸುಮಾರು 6.38 ಲಕ್ಷ. ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಲೆಕ್ಕದಿಂದಲೇ ಮಾಯ! ನಡುವೆ ಬಂದದ್ದು 1876-78ರ ಬರ, ಧಾತು ಮತ್ತು ಈಶ್ವರ ಸಂವತ್ಸರದ್ದು. ಮಾಯವಾದವರೆಲ್ಲ ಸತ್ತರು ಅಂತ ತಿಳಿಯಬೇಡಿ. ಸತ್ತವರು ಬಹಳ, ಆದರೆ ಗುಳೆ ಹೋದವರೂ ಇದ್ದರು, ಅವರಲ್ಲಿ ಎಷ್ಟೋ ಮಂದಿ ಆಮೇಲೆ ತಿರುಗಿ ಬಂದರು, 1891ಕ್ಕೆ ಸಂಖ್ಯೆ 7.96 ಲಕ್ಷಕ್ಕೆ ಏರಿದ್ದರಲ್ಲಿ ಅವರ ಪಾಲೂ ಇದೆ.

ಬರ ಎಲ್ಲ ವಯಸ್ಸಿನವರನ್ನೂ ಒಂದೇ ಸಮ ಹೊಡೆಯೋದಿಲ್ಲ. ಮೊದಲು ಹೋಗೋದು ಕೂಸುಗಳು ಮತ್ತು ಮುದುಕರು. ಜೊತೆಗೆ ಹೆರಿಗೆಯೇ ನಿಂತುಹೋಗುತ್ತದೆ, ಹೊಟ್ಟೆಗಿಲ್ಲದ ಮೈಯಲ್ಲಿ ಬಸಿರು ನಿಲ್ಲೋದಿಲ್ಲ. ಹಾಗಾಗಿ 1877-78ರಲ್ಲಿ ಹುಟ್ಟಬೇಕಿದ್ದ ಮಕ್ಕಳ ಜಾಗದಲ್ಲಿ ಒಂದು ತೂತು. ಆ ತೂತು ಅಲ್ಲೇ ಕೂರೋದಿಲ್ಲ, ಜನರ ಜೊತೆ ತಾನೂ ದೊಡ್ಡದಾಗುತ್ತಾ ಹೋಗುತ್ತದೆ. 1881ರಲ್ಲಿ ಅದಕ್ಕೆ ಮೂರು-ನಾಲ್ಕು ವರ್ಷ, 1891ರಲ್ಲಿ ಹದಿಮೂರು, 1901ರಲ್ಲಿ ಇಪ್ಪತ್ಮೂರು. ಅಂದರೆ ಸರಿಯಾಗಿ ಮಕ್ಕಳನ್ನು ಹೆರುವ ವಯಸ್ಸು. ಅಷ್ಟರಲ್ಲಿ 1896-97ರ ಬರ, ಪ್ಲೇಗು, 1899-1900ರ ಬರ ಸಾಲಾಗಿ ಬಂದವು. 1901ರಲ್ಲಿ ಜಿಲ್ಲೆಯ ಜನ 7,35,435. ಮತ್ತೆ ಇಳಿತ.

ಗಂಡು-ಹೆಣ್ಣಿನ ವಿಷಯಕ್ಕೆ ಬಂದರೆ ಹೆಚ್ಚಿನವರು ಎಡವೋದು ಇಲ್ಲೇ. ಬರದಲ್ಲಿ ಹೆಂಗಸರಿಗಿಂತ ಗಂಡಸರು ಜಾಸ್ತಿ ಸಾಯುತ್ತಾರೆ, 1876-78ರಲ್ಲಿ ಅಧಿಕಾರಿಗಳೇ ಇದನ್ನು ಗಮನಿಸಿದ್ದರು. 1918ರ ಇನ್‌ಫ್ಲುಯೆಂಜಾ ಇದಕ್ಕೆ ತಿರುಗಾಮುರುಗ, 20ರಿಂದ 40ರ ಹೆಂಗಸರನ್ನು ಜಾಸ್ತಿ ಒಯ್ದಿತು. ಮೇಲೆ ಆಗಿನ ಗಣತಿ ಒಂದೇ ರಾತ್ರಿಯದು. 1881ರಲ್ಲಿ ಅದು ಫೆಬ್ರುವರಿ 17. ಆ ರಾತ್ರಿ ಯಾರು ಎಲ್ಲಿದ್ದರೋ ಅಲ್ಲೇ ಲೆಕ್ಕ. ಗಂಡ ದುಡಿಯೋಕೆ ಬೇರೆ ಸೀಮೆಗೆ ಹೋಗಿದ್ದರೆ ಊರಿನಲ್ಲಿ ಹೆಂಡತಿ ಒಬ್ಬಳೇ ಎಣಿಕೆಗೆ ಸಿಗುತ್ತಾಳೆ. ಹೆಂಗಸರ ಸಂಖ್ಯೆ ಜಾಸ್ತಿ ಕಂಡ ತಕ್ಷಣ ಊರು ಹೆಣ್ಣುಮಕ್ಕಳನ್ನು ಚೆನ್ನಾಗಿ ನೋಡಿಕೊಂಡಿತು ಅಂತ ಬರೆಯೋರನ್ನು ಕಂಡರೆ ನನಗೆ ನಗು ಬರುತ್ತದೆ. 2011ರದ್ದೇ ನೋಡಿ: ಬಾಗಲಕೋಟೆಯಲ್ಲಿ 1000 ಗಂಡಸರಿಗೆ 989 ಹೆಂಗಸರು, ಕೇಳೋಕೆ ಚೆಂದ. ಆರು ವರ್ಷದವರೆಗಿನ ಮಕ್ಕಳದ್ದನ್ನೇ ಬೇರೆ ತೆಗೆದು ನೋಡಿದರೆ ಸುಮಾರು 935.

ಹಳೇ ಪಟ್ಟಿ ಕೈಯಲ್ಲಿದ್ದರೆ ಒಂದೊಂದೇ ವಯಸ್ಸನ್ನು ನೋಡಬೇಡಿ. ಹತ್ತತ್ತು ವರ್ಷದ ಗುಂಪು ಮಾಡಿಕೊಳ್ಳಿ, 1881ರ ಮಕ್ಕಳ ಸಾಲಿನ ಮೇಲೆ ಬೆರಳಿಟ್ಟು 1891, 1901ರಲ್ಲಿ ಅವರನ್ನೇ ಹುಡುಕಿಕೊಂಡು ಹೋಗಿ.