ಎರಡನೆಯ ವರದಿ ಮೊದಲನೆಯದನ್ನು ಅಳಿಸುವುದಿಲ್ಲ

ಅರವತ್ತೆರಡು ವರ್ಷದ ನಿವೃತ್ತ ಮೇಷ್ಟ್ರೊಬ್ಬರು ಎರಡು ವರದಿಗಳನ್ನು ನನ್ನ ಮೇಜಿನ ಮೇಲಿಟ್ಟರು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ‘ಫಿಟ್’ ಪರೀಕ್ಷೆ ಮೊದಲ ಸಲ ಪಾಸಿಟಿವ್ ಬಂದಿತ್ತು. ಎರಡು ವಾರ ಬಿಟ್ಟು ಅವರೇ ಬೇರೊಂದು ಲ್ಯಾಬಿನಲ್ಲಿ ಮಾಡಿಸಿದ್ದು ನೆಗೆಟಿವ್. “ಇನ್ನು ಕೊಲೊನೋಸ್ಕೋಪಿ ಬೇಡ ಅಲ್ಲವೇ ಡಾಕ್ಟ್ರೇ?” ಎಂದು, ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಆ ಪರೀಕ್ಷೆಯ ಬಗ್ಗೆ ಕೇಳಿದರು. ಈ ಪ್ರಶ್ನೆಯನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ದೊಡ್ಡ ಕರುಳಿನ ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಅಥವಾ ಗಡ್ಡೆ ದಿನವೂ ರಕ್ತ ಸುರಿಸುವುದಿಲ್ಲ. ಒಂದು ದಿನ ಒಸರುತ್ತದೆ, ವಾರಗಟ್ಟಲೆ ಸುಮ್ಮನಿರುತ್ತದೆ. ಮಳೆಗಾಲದಲ್ಲಿ ಸೋರಿದ ಮಾಡಿನ ಕೆಳಗೆ ಬಿಸಿಲಿನ ದಿನ ನೆಲ ಒಣಗಿದ್ದರೆ ಹಂಚಿನ ಬಿರುಕು ಮುಚ್ಚಿತೆಂದು ಯಾರೂ ಹೇಳುವುದಿಲ್ಲವಷ್ಟೆ. ಎರಡನೆಯ ನೆಗೆಟಿವ್ ವರದಿ ತಿಳಿಸುವುದು ಆ ದಿನದ ಮಲದಲ್ಲಿ ಪತ್ತೆಯಾಗುವಷ್ಟು ರಕ್ತವಿರಲಿಲ್ಲ ಎಂಬುದನ್ನು ಮಾತ್ರ. ಮೊದಲ ದಿನ ರಕ್ತ ಎಲ್ಲಿಂದ ಬಂತೆಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ಪಾಸಿಟಿವ್ ಬಂದವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ ಎಂಬುದೂ ನಿಜವೇ. ಆದರೆ ಇಲ್ಲವೆಂದು ಹೇಳಬೇಕಾದರೆ ಕರುಳಿನೊಳಗೆ ನೋಡಲೇಬೇಕು.

ಕರುಳಿನ ಕ್ಯಾನ್ಸರ್ ತಪಾಸಣೆಯ ದಾರಿಗಳು ಹಲವಿವೆ. ತೊಂದರೆಯಿಲ್ಲದವರು ವರ್ಷಕ್ಕೊಮ್ಮೆ ಫಿಟ್ ಮಾಡಿಸಬಹುದು, 5 ವರ್ಷಕ್ಕೊಮ್ಮೆ ಸಿಟಿ ಕೊಲೊನೋಗ್ರಫಿ (ಸ್ಕ್ಯಾನ್ ಮೂಲಕ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಬಹುದು, ಇಲ್ಲವೇ ನೇರವಾಗಿ ಕೊಲೊನೋಸ್ಕೋಪಿಗೇ ಬಂದು, ಎಲ್ಲವೂ ಸರಿಯಿದ್ದರೆ 10 ವರ್ಷ ನಿಶ್ಚಿಂತೆಯಿಂದ ಇರಬಹುದು. ಆರಂಭದ ವಯಸ್ಸನ್ನು ಅಮೆರಿಕದ ತಜ್ಞರ ಕಾರ್ಯಪಡೆ 2021ರಲ್ಲಿ 50ರಿಂದ 45ಕ್ಕೆ ಇಳಿಸಿತು. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ಕಾಯಿಲೆ ಬಂದಿದ್ದರೆ ಇನ್ನೂ ಮೊದಲೇ ವೈದ್ಯರನ್ನು ಕೇಳಬೇಕು. ಯಾವ ದಾರಿ ಹಿಡಿದರೂ ಅಲ್ಲಿ ಸಂಶಯ ಕಂಡರೆ ಮುಂದಿನ ಹೆಜ್ಜೆ ಕೊಲೊನೋಸ್ಕೋಪಿಯೇ. ಮಲದಲ್ಲಿ ಕಣ್ಣಿಗೇ ರಕ್ತ ಕಾಣುತ್ತಿರುವವರಿಗಂತೂ ಈ ಆಯ್ಕೆಗಳು ಅನ್ವಯಿಸುವುದಿಲ್ಲ. ‘ಮೂಲವ್ಯಾಧಿ ಇರಬೇಕು’ ಎಂದು ಅವರೇ ತೀರ್ಮಾನಿಸಿ ಮುಲಾಮು ಹಚ್ಚುತ್ತಾ ಕೂರಬಾರದು.

ಮೇಷ್ಟ್ರನ್ನು ಒಪ್ಪಿಸಲು ಅವರ ಮಗಳ ಸಹಾಯ ಬೇಕಾಯಿತು. ಒಳಗೆ 15 ಮಿಲಿಮೀಟರಿನ ಪಾಲಿಪ್ ಇತ್ತು. ಅದನ್ನು ಅಲ್ಲೇ ತೆಗೆದು ಬಯಾಪ್ಸಿಗೆ ಕಳುಹಿಸಿದೆವು; ಅದಿನ್ನೂ ಕ್ಯಾನ್ಸರ್ ಆಗಿರಲಿಲ್ಲ. ಕರುಳು ಖಾಲಿಯಾಗಲೆಂದು ಹಿಂದಿನ ರಾತ್ರಿ ಕುಡಿದ ಭೇದಿಯ ಔಷಧಿಯ ಬಗ್ಗೆ ಮಾತ್ರ ಅವರ ಗೊಣಗಾಟ ಇನ್ನೂ ನಿಂತಿಲ್ಲ. ಮೂರು ವರ್ಷದ ನಂತರ ಅದನ್ನು ಮತ್ತೊಮ್ಮೆ ಕುಡಿಯಬೇಕೆಂಬ ವಿಷಯವನ್ನು ಸದ್ಯಕ್ಕೆ ಮಗಳಿಗಷ್ಟೇ ಹೇಳಿದ್ದೇನೆ.