ಆಗಾಗ ಕೈಕೊಡುವ ಡೇಟಾಬೇಸ್ ಸಂಪರ್ಕ

ವೆಬ್‌ಸೈಟಿನ ಸ್ಕ್ರಿಪ್ಟಿಗೆ, ಅಂದರೆ ಪುಟವನ್ನು ಸಿದ್ಧಪಡಿಸುವ ಪ್ರೋಗ್ರಾಮಿಗೆ, ಡೇಟಾಬೇಸ್ ಸಿಗುವುದೇ ಇಲ್ಲವೆಂದಾದರೆ ಕಾರಣ ಬೇಗ ಸಿಗುತ್ತದೆ. ಪಾಸ್‌ವರ್ಡ್ ತಪ್ಪಿರುತ್ತದೆ, ಇಲ್ಲವೇ ಸರ್ವರ್ ನಿಂತಿರುತ್ತದೆ. ತೊಂದರೆ ಕೊಡುವುದು ಒಮ್ಮೆ ತೆರೆದುಕೊಂಡು ಇನ್ನೊಮ್ಮೆ ಮುಷ್ಕರ ಹೂಡುವ ಪುಟ. ಆಗ ಸರ್ವರನ್ನು ಮರುಚಾಲನೆ ಮಾಡಿ ಸರಿಯಾಯಿತೆನ್ನುವವರೇ ಹೆಚ್ಚು, ಆದರೆ ಡೇಟಾಬೇಸನ್ನು ನಡೆಸುವ ತಂತ್ರಾಂಶವಾದ ಮೈಎಸ್‌ಕ್ಯೂಎಲ್ ಇಟ್ಟುಕೊಂಡಿದ್ದ ಎಣಿಕೆಗಳೆಲ್ಲ ಅದರೊಂದಿಗೆ ಸೊನ್ನೆಯಾಗಿ, ಇದ್ದ ಸುಳಿವೂ ಅಳಿಸಿಹೋಗುತ್ತದೆ.

ಬದಿಯಡ್ಕದ ಕಡೆಯ ಕೃಷಿಕರ ಗುಂಪೊಂದರ ಅಡಿಕೆ ಧಾರಣೆಯ ಪುಟ ಹೀಗೆಯೇ ಸತಾಯಿಸುತ್ತಿತ್ತು. ದಿನವಿಡೀ ಸರಿಯಿದ್ದು, ಹೊಸ ಧಾರಣೆ ಪ್ರಕಟವಾಗುವ ಹೊತ್ತಿಗೆ ಕೆಲವರಿಗೆ ‘ಸಂಪರ್ಕ ವಿಫಲ’ ಎಂದು ಕಾಣಿಸುತ್ತಿತ್ತು. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುವ ನಮ್ಮ ಕಾಸರಗೋಡಿನಲ್ಲಿ ದೂರು ಸಹಜವಾಗಿಯೇ ನೆಟ್ಟಿನ ಮೇಲೆ ಬಿತ್ತು. ಆದರೆ ಆ ಎರಡು ಪದಗಳು ಕೃಷಿಕನ ಮೊಬೈಲಿಗೆ ತಲುಪಿವೆಯೆಂದರೆ ನೆಟ್ ಕೆಲಸ ಮಾಡಿದೆಯೆಂದೇ ಅರ್ಥ. ದೋಷವಿರುವುದು ವೆಬ್ ಸರ್ವರಿನಿಂದ ಆಚೆಗೆ.

ಮೊದಲು ಮಾಡಬೇಕಾದದ್ದು, ಸ್ಕ್ರಿಪ್ಟ್ ನುಂಗಿಹಾಕುವ ದೋಷಸಂಖ್ಯೆಯನ್ನು ಸಮಯದೊಂದಿಗೆ ಲಾಗ್ ಕಡತದಲ್ಲಿ ಬರೆಸುವುದು. 2002 ಬಂದರೆ ಸ್ಕ್ರಿಪ್ಟ್ ಡೇಟಾಬೇಸ್ ಸರ್ವರನ್ನು ತಲುಪಿಯೇ ಇಲ್ಲ. 2006 ಬಂದರೆ ಸಿಕ್ಕಿದ್ದ ಸಂಪರ್ಕ ನಡುವೆ ಕಡಿದಿದೆ. 1040 ಬಂದರೆ ಸಂಪರ್ಕಗಳ ಮಿತಿ ತುಂಬಿದೆ. ಇಲ್ಲಿ ಬಂದದ್ದು 1040.

ಮೈಎಸ್‌ಕ್ಯೂಎಲ್‌ನಲ್ಲಿ ನಾವಾಗಿ ಬದಲಿಸದಿದ್ದರೆ ಈ ಮಿತಿ 151. ಅದೇ ಯಂತ್ರದಲ್ಲಿದ್ದ ಎರಡು ಸೈಟುಗಳಿಗೆ ತಲಾ 100 ಪಿಎಚ್‌ಪಿ ಪ್ರಕ್ರಿಯೆಗಳಿಗೆ, ಅಂದರೆ ಸ್ಕ್ರಿಪ್ಟನ್ನು ಓಡಿಸುವ, ಒಂದೊಂದೂ ಒಂದು ಸಂಪರ್ಕ ಕೇಳುವ ಕೆಲಸಗಾರರಿಗೆ, ಅನುಮತಿಯಿತ್ತು. ಕೂಡಿಸಿ ನೋಡಿದರೆ ಲೆಕ್ಕ ಅಲ್ಲಿಯೇ ತಪ್ಪುತ್ತದೆ. ಸಾಲದ್ದಕ್ಕೆ, ವೇಗ ಹೆಚ್ಚಲೆಂದು ಯಾರೋ ಶಾಶ್ವತ ಸಂಪರ್ಕವನ್ನು ಆಯ್ದಿದ್ದರು. ಇದರಲ್ಲಿ ಪುಟ ಮುಗಿದರೂ ಪ್ರಕ್ರಿಯೆ ತನ್ನ ಸಂಪರ್ಕವನ್ನು ಬಿಟ್ಟುಕೊಡುವುದಿಲ್ಲ, ಮೈಎಸ್‌ಕ್ಯೂಎಲ್ ತಾನಾಗಿ ಅದನ್ನು ಮುಚ್ಚಲು 28,800 ಸೆಕೆಂಡು, ಅಂದರೆ ಎಂಟು ಗಂಟೆ, ಸುಮ್ಮನಿರಬೇಕಾಗುತ್ತದೆ. ಹೀಗಾಗಿ ಸಂಪರ್ಕ ಹಿಡಿದುಕೊಂಡ ಪ್ರಕ್ರಿಯೆಯ ಪಾಲಿಗೆ ಬಂದ ಕೃಷಿಕನಿಗೆ ಧಾರಣೆ ಕಾಣುತ್ತದೆ, ಬರಿಗೈಯ ಪ್ರಕ್ರಿಯೆಯ ಪಾಲಿಗೆ ಬಿದ್ದ ಪಕ್ಕದ ತೋಟದವನಿಗೆ ಕಾಣುವುದಿಲ್ಲ. ‘ಆಗಾಗ’ ಎಂದು ತೋರುವುದರ ಒಳಗುಟ್ಟು ಇಷ್ಟೆ.

ಮಿತಿಯನ್ನು 500ಕ್ಕೆ ಏರಿಸಿದರಾಯಿತು ಎಂಬ ಸಲಹೆ ಇಂಥಲ್ಲಿ ಧಾರಾಳವಾಗಿ ಸಿಗುತ್ತದೆ. ನಾನು ಅದನ್ನು ಕೊನೆಗೆ ಇಡುತ್ತೇನೆ, ಏಕೆಂದರೆ ಪ್ರತಿ ಸಂಪರ್ಕವೂ ಮೆಮೊರಿ ಕೇಳುತ್ತದೆ. ಸಣ್ಣ ಸರ್ವರಿನಲ್ಲಿ ಮೆಮೊರಿ ಮುಗಿದಾಗ ಯಂತ್ರದ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಡೇಟಾಬೇಸನ್ನೇ ಕೊಂದುಹಾಕಿ, 1040ರ ಜಾಗದಲ್ಲಿ 2002 ಕಾಣಿಸಿಕೊಳ್ಳಬಹುದು. ವಿಫಲವಾದೊಡನೆ ಮತ್ತೆ ಮತ್ತೆ ಪ್ರಯತ್ನಿಸುವ ಸ್ಕ್ರಿಪ್ಟಂತೂ ನೂಕುನುಗ್ಗಲನ್ನು ಹೆಚ್ಚಿಸುತ್ತದೆ. ಡೇಟಾಬೇಸ್ ಅದೇ ಯಂತ್ರದಲ್ಲಿರುವಾಗ ಹೊಸ ಸಂಪರ್ಕಕ್ಕೆ ತಗಲುವ ಸಮಯ ಅತ್ಯಲ್ಪವಾದ್ದರಿಂದ ಶಾಶ್ವತ ಸಂಪರ್ಕವನ್ನು ತೆಗೆಸಿ, ಎರಡೂ ಸೈಟುಗಳ ಪ್ರಕ್ರಿಯೆಗಳನ್ನು ತಲಾ 60ಕ್ಕೆ ಇಳಿಸಿದೆವು. ಉಳಿದ ಸಂಪರ್ಕಗಳು ರಾತ್ರಿಯ ಬ್ಯಾಕಪ್ಪಿಗೆ ಮತ್ತು ನಿರ್ವಾಹಕರ ಲಾಗಿನ್ನಿಗೆ ಬೇಕಾಗುತ್ತವೆ. ಆ ಬಳಿಕ ಮೈಎಸ್‌ಕ್ಯೂಎಲ್‌ನ ‘ಮ್ಯಾಕ್ಸ್ ಯೂಸ್ಡ್ ಕನೆಕ್ಷನ್ಸ್’ ಎಣಿಕೆಯನ್ನು, ಅಂದರೆ ಒಂದೇ ಹೊತ್ತಿಗೆ ಬಳಕೆಯಾದ ಅತಿ ಹೆಚ್ಚು ಸಂಪರ್ಕಗಳ ಸಂಖ್ಯೆಯನ್ನು, ಧಾರಣೆ ಏರಿದ ದಿನವನ್ನೂ ಸೇರಿಸಿ, ಕೆಲಕಾಲ ಗಮನಿಸುತ್ತಿರಬೇಕು. ಅದು ಮಿತಿಗೆ ಸಮೀಪಿಸುತ್ತಿದ್ದರೆ ನಿಧಾನವಾಗಿ ಓಡಿ ಸಂಪರ್ಕವನ್ನು ಹಿಡಿದಿಡುವ ಕ್ವೆರಿಯನ್ನು (ಡೇಟಾಬೇಸಿಗೆ ಸ್ಕ್ರಿಪ್ಟ್ ಕೇಳುವ ಪ್ರಶ್ನೆಯನ್ನು) ಹುಡುಕಲು ಹೊರಡಬೇಕು.